ಶಾಲೆಯ ಪ್ರಾಜೆಕ್ಟಿಗಾಗಿ ಹಳೆಯ ಯುದ್ಧವೊಂದನ್ನು ಅಂತರ್ಜಾಲದಲ್ಲಿ ಹುಡುಕುವ ಬಗೆ: ಶಿವಮೊಗ್ಗದ 1791ರ ಕಾಳಗವನ್ನು ಮುಂದಿಟ್ಟುಕೊಂಡು

ಮೂರನೆಯ ಆಂಗ್ಲೋ–ಮೈಸೂರು ಯುದ್ಧದ ಮೇಲೆ ಪ್ರಾಜೆಕ್ಟ್ ಮಾಡಿಕೊಂಡು ಬನ್ನಿ ಎಂದು ಪ್ರೌಢಶಾಲೆಯ ತರಗತಿಯೊಂದಕ್ಕೆ ಹೇಳಿ ಕಳುಹಿಸಿದರೆ, ಮುಂದಿನ ಸೋಮವಾರ ಮೇಜಿನ ಮೇಲೆ ಬಂದು ಬೀಳುವ ಹಾಳೆಗಳಲ್ಲಿ ಬಹುಪಾಲು ಒಂದೇ ಬರಹದ ಪ್ರತಿಗಳಾಗಿರುತ್ತವೆ. ಅದೇ ‘ಕಾರಣಗಳು, ಘಟನೆಗಳು, ಪರಿಣಾಮಗಳು’, ಅದೇ ಟಿಪ್ಪು ಸುಲ್ತಾನನ ಚಿತ್ರ, ಅದೇ ಕೊನೆಯ ಸಾಲು, ಕೆಲವೊಮ್ಮೆ ಅದೇ ಕಾಗುಣಿತದ ತಪ್ಪು. ಮಲೆನಾಡಿನ ಶಾಲೆಗಳಲ್ಲಿ ಹಲವು ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು ಇದಕ್ಕೆ ಮಕ್ಕಳ ಸೋಮಾರಿತನವೇ ಕಾರಣವೆಂದು ಬಹುಕಾಲ ನಂಬಿದ್ದೆ. ಹುಡುಕುವುದನ್ನು ನಾವೇ ಅವರಿಗೆ ಕಲಿಸಿರಲಿಲ್ಲ ಎಂಬುದು ತಡವಾಗಿ ಹೊಳೆಯಿತು. ಪೆಟ್ಟಿಗೆಯೊಳಗೆ ‘ಮೈಸೂರು ಯುದ್ಧ’ ಎಂದು ಬರೆದು ಗುಂಡಿ ಒತ್ತಿದರೆ ಎಲ್ಲರಿಗೂ ಮೊದಲು ಸಿಗುವುದು ಒಂದೇ ಪುಟ. ಆ ಪುಟದಿಂದ ಎರಡು ಹೆಜ್ಜೆ ಆಚೆ ಹೋಗುವ ದಾರಿ ಗೊತ್ತಿಲ್ಲದ ಮಗು ಅದನ್ನೇ ನಕಲು ಮಾಡದೆ ಇನ್ನೇನು ಮಾಡೀತು?

ಆ ದಾರಿಯನ್ನು ಒಂದೇ ಉದಾಹರಣೆ ಹಿಡಿದು ಇಲ್ಲಿ ತೋರಿಸುತ್ತೇನೆ. ಉದಾಹರಣೆ ಶಿವಮೊಗ್ಗದ್ದು, ಆದರೆ ಕೊಡಗಿನ ಅಥವಾ ಚಿತ್ರದುರ್ಗದ ಮಕ್ಕಳು ತಮ್ಮ ಊರಿನ ಕಾಳಗಕ್ಕೂ ಇದೇ ಕ್ರಮವನ್ನು ಅನುಸರಿಸಬಹುದು.

ಮೊದಲ ಹೆಜ್ಜೆ: ಯುದ್ಧವನ್ನು ಚಿಕ್ಕದು ಮಾಡಿಕೊಳ್ಳಿ

ಇಡೀ ಯುದ್ಧವನ್ನು ಹತ್ತು ಪುಟದಲ್ಲಿ ಬರೆಯಲು ಹೊರಟರೆ ಪಠ್ಯಪುಸ್ತಕವನ್ನೇ ಇನ್ನೊಮ್ಮೆ ಬರೆದಂತಾಗುತ್ತದೆ. ಆದ್ದರಿಂದ ಪಠ್ಯಪುಸ್ತಕದಿಂದ ಯುದ್ಧದ ಚೌಕಟ್ಟನ್ನು ಮಾತ್ರ ಎತ್ತಿಕೊಂಡು, ಅದರೊಳಗಿನ ಒಂದು ಘಟನೆಯನ್ನು ನಿಮ್ಮದಾಗಿ ಮಾಡಿಕೊಳ್ಳಿ. ಚೌಕಟ್ಟಿಗೆ ಅರ್ಧ ಪುಟ ಸಾಕು: ತಿರುವಾಂಕೂರಿನ ರಾಜ ಡಚ್ಚರಿಂದ ಕೊಡುಂಗಲ್ಲೂರಿನ ಕೋಟೆಯನ್ನು ಕೊಂಡದ್ದರಿಂದ ಬೆಳೆದ ಜಗಳ, 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ನಡೆಸಿದ ದಾಳಿ, ಈಸ್ಟ್ ಇಂಡಿಯಾ ಕಂಪನಿ, ಮರಾಠರು ಮತ್ತು ಹೈದರಾಬಾದಿನ ನಿಜಾಮ ಸೇರಿ ಮಾಡಿಕೊಂಡ ಒಕ್ಕೂಟ, 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯ ಪತನ, 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ, ಮಾರ್ಚ್‌ನ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಮಕ್ಕಳು. ಇಷ್ಟು ಎಲ್ಲ ಪ್ರಾಜೆಕ್ಟಿನಲ್ಲೂ ಇರುತ್ತದೆ, ಇರಲಿ.

ಇದಾದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಯುದ್ಧ ನಮ್ಮ ಊರಿನ ಹತ್ತಿರ ಎಲ್ಲಿ ಬಂದಿತ್ತು? ಶಿವಮೊಗ್ಗದ ಮಗುವಿಗೆ ಇದರ ಉತ್ತರ ಬಲು ಹತ್ತಿರದಲ್ಲಿದೆ. ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯವೂ ಅದರೊಡನಿದ್ದ ಕ್ಯಾಪ್ಟನ್ ಜಾನ್ ಲಿಟಲ್ ಎಂಬಾತನ ಬೊಂಬಾಯಿ ಪಡೆಯೂ ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ 1791ರ ಏಪ್ರಿಲ್‌ನಲ್ಲಿ ಗೆದ್ದುಕೊಂಡವು. ಅದೇ ವರ್ಷದ ಕೊನೆಗೆ ಅವು ನಮ್ಮ ಜಿಲ್ಲೆಯನ್ನು ಹೊಕ್ಕು, ಡಿಸೆಂಬರ್‌ನಲ್ಲಿ ಹೊಳೆಹೊನ್ನೂರನ್ನು ಹಿಡಿದು, 29ರಂದು ಶಿವಮೊಗ್ಗದ ಬಳಿ ಟಿಪ್ಪುವಿನ ಸೇನಾನಿ ರೆಜಾ ಸಾಹೇಬನ ಸೈನ್ಯವನ್ನು ಸೋಲಿಸಿದವು. ಅದಾದ ಕೆಲವೇ ದಿನಗಳಲ್ಲಿ, ಹೊಸ ವರ್ಷದ ಮೊದಲ ವಾರದಲ್ಲಿ, ಶಿವಮೊಗ್ಗದ ಕೋಟೆ ಶರಣಾಯಿತು. ಕೋಟೆ ರಸ್ತೆಯಲ್ಲಿ ದಿನವೂ ಸೈಕಲ್ ತುಳಿಯುವ ಹುಡುಗನಿಗೆ ಆ ‘ಕೋಟೆ’ ಎಂಬ ಮಾತು ಎಲ್ಲಿಂದ ಬಂತೆಂಬುದು ಗೊತ್ತಿರುವುದಿಲ್ಲ. ಪ್ರಾಜೆಕ್ಟ್ ಅಲ್ಲಿಂದ ಶುರುವಾಗಬಹುದು.

ಎರಡನೆಯ ಹೆಜ್ಜೆ: ಹಳೆಯ ಹೆಸರುಗಳ ಪಟ್ಟಿ ಮಾಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದೇ ಎಂಬುದು ನನ್ನ ಎಣಿಕೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹದಿನೆಂಟನೆಯ ಶತಮಾನದ ಇಂಗ್ಲಿಷರು ನಮ್ಮ ಊರುಗಳ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡರು. ಶಿವಮೊಗ್ಗ ಅವರ ಬರಹದಲ್ಲಿ ‘ಸಿಮೋಗ’ ಆಗುತ್ತದೆ, ಬಿದನೂರು ‘ಬೆಡ್ನೋರ್’ ಆಗುತ್ತದೆ, ಚಿತ್ರದುರ್ಗ ‘ಚಿಟೆಲ್‌ಡ್ರೂಗ್’ ಆಗುತ್ತದೆ, ಹೊಳೆಹೊನ್ನೂರು ‘ಹೂಲಿ ಓನೋರ್’ ಆಗುತ್ತದೆ. ಈಗಿನ ಸರಿಯಾದ ಕಾಗುಣಿತದಲ್ಲಿ ಹುಡುಕಿದರೆ ಆ ಕಾಲದ ಪುಸ್ತಕಗಳು ಬಾಯಿಬಿಡುವುದಿಲ್ಲ. ಆದ್ದರಿಂದ ಹುಡುಕಾಟ ಆರಂಭಿಸುವ ಮೊದಲೇ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಅಂಕಣ ಎಳೆದು, ಎಡಗಡೆ ಕನ್ನಡದ ಹೆಸರನ್ನೂ ಬಲಗಡೆ ಇಂಗ್ಲಿಷಿನಲ್ಲಿ ಕಂಡ ಪ್ರತಿಯೊಂದು ರೂಪವನ್ನೂ ಬರೆಯುತ್ತ ಹೋಗಿ. ಒಂದು ಪುಸ್ತಕ ಓದಿದಂತೆಲ್ಲ ಪಟ್ಟಿ ಬೆಳೆಯುತ್ತದೆ, ಬೆಳೆದ ಪಟ್ಟಿ ಇನ್ನೊಂದು ಪುಸ್ತಕವನ್ನು ತೆರೆಯುತ್ತದೆ.

ಇದರಲ್ಲಿ ಮೋಸ ಹೋಗುವ ಜಾಗಗಳೂ ಇವೆ. ‘ಹೂಲಿ ಓನೋರ್’ ನಮ್ಮ ಹೊಳೆಹೊನ್ನೂರು, ಆದರೆ ಬರಿಯ ‘ಓನೋರ್’ ಎಂದರೆ ಕರಾವಳಿಯ ಹೊನ್ನಾವರ. ಇನ್ನೊಂದು ನನ್ನದೇ ತಪ್ಪಿನ ಕಥೆ. ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಜನರಲ್ ಮ್ಯಾಥ್ಯೂಸ್ ಎಂಬ ಕಂಪನಿಯ ಸೇನಾಪತಿ ಕರಾವಳಿಯಿಂದ ಘಟ್ಟ ಹತ್ತಿ ಬಿದನೂರನ್ನು ಹಿಡಿದದ್ದೂ, ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಶರಣಾದದ್ದೂ ಪ್ರಸಿದ್ಧ ಸಂಗತಿ. ಆ ದಂಡಯಾತ್ರೆಯಲ್ಲಿ ‘ಅನಂತಪುರ’ ಎಂಬ ಕೋಟೆಯ ಮಾತು ಬರುತ್ತದೆ. ಒಬ್ಬ ವಿದ್ಯಾರ್ಥಿನಿ ಆಂಧ್ರದ ಅನಂತಪುರ ಜಿಲ್ಲೆಯ ನಕ್ಷೆಯನ್ನು ಅಚ್ಚುಕಟ್ಟಾಗಿ ಕತ್ತರಿಸಿ ಅಂಟಿಸಿ, ಕೆಂಪು ಶಾಯಿಯಲ್ಲಿ ಬಾಣದ ಗುರುತು ಹಾಕಿ ತಂದಿದ್ದಳು. ನಾನೂ ಕಣ್ಣಾಡಿಸಿ ಪೂರ್ಣ ಅಂಕ ಕೊಟ್ಟೆ. ಹೊನ್ನಾವರ, ಬಿದನೂರು, ಮಂಗಳೂರು ಎಂದು ಸುತ್ತುತ್ತಿದ್ದ ಸೈನ್ಯ ರಾಯಲಸೀಮೆಗೆ ಹೇಗೆ ಹಾರಿತು ಎಂದು ಆಕೆಯೂ ಕೇಳಿಕೊಳ್ಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅದು ಸಾಗರ ತಾಲ್ಲೂಕಿನ ಆನಂದಪುರ. ಹಳೆಯ ಗೆಜೆಟಿಯರಿನಲ್ಲಿ ಅದರ ಹೆಸರು ಅನಂತಪುರವೆಂದೇ ಇದೆ. ನಾನು ವಾರಕ್ಕೆರಡು ಸಲ ಬಸ್ಸಿನಲ್ಲಿ ದಾಟುತ್ತಿದ್ದ ಊರು.

1791ರ ಕಾಳಗದ ವಿಷಯದಲ್ಲಿ ಈ ಹೆಸರಿನ ಹುಡುಕಾಟ ಕೊಡುವ ಫಲ ಇನ್ನೂ ದೊಡ್ಡದು. ಲಿಟಲ್‌ನ ಪಡೆಯಲ್ಲಿ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿಯಿದ್ದ. ಆ ಪಡೆಯ ಕಾರ್ಯಾಚರಣೆಗಳ ವೃತ್ತಾಂತವನ್ನು ಅವನು 1794ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅವನ ಜೀವನ ಚರಿತ್ರೆಯನ್ನು ಹೇಳುವ ಇಂಗ್ಲಿಷ್ ಬರಹಗಳಲ್ಲಿ, 1791ರ ಡಿಸೆಂಬರ್ 29ರಂದು ‘ಗಡ್ಜ್‌ನೂರ್’ ಕಾಳಗದಲ್ಲಿ ಅವನಿಗೆ ಎರಡು ಗಾಯಗಳಾದವು ಎಂದಿದೆ. ಒಂದೆರಡು ಕಡೆ ಅಚ್ಚಿನ ತಪ್ಪಿನಿಂದಲೋ ಏನೋ ಅದು ‘ಗಡ್ಜ್‌ಮೂರ್’ ಆಗಿದೆ. ದಿನಾಂಕ ಶಿವಮೊಗ್ಗದ ಕಾಳಗದ್ದೇ. ಹಾಗಾದರೆ ಒಂದೇ ಪಡೆ ಒಂದೇ ದಿನ ಎರಡು ಕಡೆ ಕಾದಿತೇ? ‘ಗಡ್ಜ್‌ನೂರ್’ ಎಂಬುದನ್ನು ಗಟ್ಟಿಯಾಗಿ ಓದಿ ನೋಡಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗಾ ಅಣೆಕಟ್ಟು ಇರುವ, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗುವಾಗ ಸಿಗುವ ಗಾಜನೂರು ಅದು. ಒಂದೇ ಕಾಳಗಕ್ಕೆ ಕೆಲವರು ಹತ್ತಿರದ ದೊಡ್ಡ ಊರಿನ ಹೆಸರನ್ನೂ, ಅದರಲ್ಲಿ ಗಾಯಗೊಂಡವರು ರಣರಂಗಕ್ಕೆ ಅಂಟಿಕೊಂಡಿದ್ದ ಹಳ್ಳಿಯ ಹೆಸರನ್ನೂ ಇಟ್ಟರು. ಲಂಡನ್ನಿನಲ್ಲಿ ಕುಳಿತ ಸಂಪಾದಕನಿಗೆ ಹೊಳೆಯದ ಈ ಸಂಗತಿ ಶಿವಮೊಗ್ಗದ ಎಂಟನೆಯ ತರಗತಿಯ ಹುಡುಗಿಗೆ ಅರ್ಧ ನಿಮಿಷದಲ್ಲಿ ಹೊಳೆಯುತ್ತದೆ. ಅಂದ ಹಾಗೆ, ಕನ್ನಡದಲ್ಲಿ ಬರೇ ‘ಗಾಜನೂರು’ ಎಂದು ಹುಡುಕಿದರೆ ಡಾ. ರಾಜ್‌ಕುಮಾರ್ ಅವರ ಊರಾದ ತಾಳವಾಡಿ ಕಡೆಯ ಗಾಜನೂರೂ ಜೊತೆಗೆ ಬಂದು ನಿಲ್ಲುತ್ತದೆ. ‘ತುಂಗಾ’ ಎಂಬ ಮಾತನ್ನು ಸೇರಿಸಿ ಹುಡುಕಿ.

ವ್ಯಕ್ತಿಗಳ ಹೆಸರಿಗೂ ಇದೇ ಎಚ್ಚರ ಬೇಕು. ಟಿಪ್ಪುವಿನ ಸೇನಾನಿ ಮಹಮ್ಮದ್ ರಜಾ ಎಂಬಾತನನ್ನು ಇಂಗ್ಲಿಷ್ ಬರಹಗಳು ‘ಬಿಂಕಿ ನಬೋಬ್’ ಎಂದು ಕರೆಯುತ್ತವೆ. ಅದು ಬೆಂಕಿ ನವಾಬ ಎಂಬುದರ ತೊದಲು. ಆದರೆ ಅವನ ಹೆಸರಿನಲ್ಲೂ ಶಿವಮೊಗ್ಗದ ಸೇನಾನಿಯ ಹೆಸರಿನಲ್ಲೂ ‘ರಜಾ’ ಇದೆ ಎಂದ ಮಾತ್ರಕ್ಕೆ ಇಬ್ಬರೂ ಒಬ್ಬನೇ ಎಂದು ಬರೆದುಬಿಡಬಾರದು. ಎರಡನ್ನೂ ಜೋಡಿಸಿ ಹೇಳುವ ಪುಟವೊಂದು ಕೈಯಲ್ಲಿರುವವರೆಗೂ ಅದು ನಿಮ್ಮ ನೋಟ್‌ಬುಕ್ಕಿನಲ್ಲಿ ಪ್ರಶ್ನೆಯಾಗಿಯೇ ಉಳಿಯಲಿ.

ಮೂರನೆಯ ಹೆಜ್ಜೆ: ಪುಸ್ತಕದ ಒಳಗೆ ಹುಡುಕುವುದು

ಹೆಸರುಗಳ ಪಟ್ಟಿ ಸಿದ್ಧವಾದ ಮೇಲೆ ಸಾಮಾನ್ಯ ಹುಡುಕಾಟವನ್ನು ಬಿಟ್ಟು ಪುಸ್ತಕಗಳ ಭಂಡಾರಕ್ಕೆ ಹೋಗಬೇಕು. ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಹಳೆಯ ಪುಸ್ತಕಗಳ ಚಿತ್ರಪ್ರತಿಗಳು ಉಚಿತವಾಗಿ ದೊರೆಯುತ್ತವೆ, ಗೂಗಲ್ ಬುಕ್ಸ್‌ನಲ್ಲಿಯೂ ಈ ಕಾಲದ ಪುಸ್ತಕಗಳು ಪೂರ್ತಿ ತೆರೆದುಕೊಳ್ಳುತ್ತವೆ. ಇವೆರಡರಲ್ಲಿಯೂ ಪುಸ್ತಕದ ಹೆಸರಿನಲ್ಲಿ ಮಾತ್ರವಲ್ಲದೆ ಪುಸ್ತಕದ ಒಳಗಿನ ಪಠ್ಯದಲ್ಲಿಯೂ ಹುಡುಕುವ ಸೌಲಭ್ಯವಿದೆ. ಮಕ್ಕಳು ಇದನ್ನು ಬಳಸುವುದೇ ಇಲ್ಲ. ಮೂರ್‌ನ ಪುಸ್ತಕವನ್ನು ತೆರೆದು ಮೊದಲ ಪುಟದಿಂದ ಓದಲು ಹೊರಟರೆ ಧಾರವಾಡ ದಾಟುವುದರೊಳಗೆ ಪ್ರಾಜೆಕ್ಟ್ ಒಪ್ಪಿಸುವ ದಿನ ಬಂದಿರುತ್ತದೆ. ಒಳಗಿನ ಹುಡುಕಾಟದ ಪೆಟ್ಟಿಗೆಯಲ್ಲಿ ‘ಸಿಮೋಗ’ ಎಂದು ಇಂಗ್ಲಿಷಿನಲ್ಲಿ ಬರೆದರೆ ಬೇಕಾದ ಪುಟಗಳಿಗೆ ನೇರವಾಗಿ ಹೋಗಬಹುದು.

ಇಲ್ಲಿ ಒಂದು ಅಚ್ಚಿನ ತೊಡಕಿದೆ. ಆ ಕಾಲದ ಇಂಗ್ಲಿಷ್ ಮುದ್ರಣದಲ್ಲಿ ಪದದ ಮೊದಲಿಗೂ ನಡುವಿಗೂ ಬರುವ ಸಣ್ಣ ‘ಎಸ್’ ಅಕ್ಷರವನ್ನು ಉದ್ದಕ್ಕೆ ಎಳೆದು, ‘ಎಫ್’ ಅಕ್ಷರದಂತೆ ಕಾಣುವ ಹಾಗೆ ಅಚ್ಚು ಹಾಕುತ್ತಿದ್ದರು. ಗಣಕಯಂತ್ರ ಅದನ್ನು ‘ಎಫ್’ ಎಂದೇ ಓದಿಬಿಡುತ್ತದೆ. ಆದ್ದರಿಂದ ‘ಮೈಸೋರ್’ ಎಂದು ಹುಡುಕಿ ಏನೂ ಸಿಗದಿದ್ದರೆ, ‘ಎಸ್’ ಇರುವಲ್ಲಿ ‘ಎಫ್’ ಹಾಕಿ, ‘ಮೈಫೋರ್’ ಎಂಬಂತೆ ಬರೆದು ನೋಡಿ. ಹಾಸ್ಯದಂತೆ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತೂ ಸಿಗ್ನಲ್ಲೂ ಒಟ್ಟಿಗೆ ಮನೆಯಲ್ಲಿರುವ ಗಳಿಗೆ ಅಪರೂಪ ಎಂಬುದನ್ನು ಬಲ್ಲವನಾಗಿ ಹೇಳುತ್ತೇನೆ: ಇಡೀ ಪುಸ್ತಕವನ್ನು ಫೋನಿಗೆ ಇಳಿಸಿಕೊಳ್ಳಲು ಹೋಗಬೇಡಿ. ಬೇಕಾದ ನಾಲ್ಕೈದು ಪುಟಗಳನ್ನು ಪರದೆಯ ಚಿತ್ರವಾಗಿ ಉಳಿಸಿಕೊಂಡು, ಪುಸ್ತಕದ ಮುಖಪುಟದ ಒಂದು ಚಿತ್ರವನ್ನು ಮರೆಯದೆ ತೆಗೆದುಕೊಳ್ಳಿ. ಮುಖಪುಟವಿಲ್ಲದ ಪುಟದ ಚಿತ್ರ ಆರು ದಿನದ ನಂತರ ಯಾವ ಪುಸ್ತಕದ್ದೆಂದು ನಿಮಗೇ ತಿಳಿಯುವುದಿಲ್ಲ.

ಕನ್ನಡದಲ್ಲಿ ಏನಿದೆ ಎಂದು ಕೇಳುವವರಿಗೆ: ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತವೆ. ಪಠ್ಯಪುಸ್ತಕದ ನಂತರದ ಓದಿಗೆ ಅವೇ ಸರಿ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೆ ಮೀಸಲಾದವು. 1791ರ ಯುದ್ಧಕ್ಕೆ ಅವುಗಳಿಂದ ಹೆಚ್ಚಿನದೇನೂ ದೊರೆಯದಿದ್ದರೂ, ಕೆಳದಿಯ ನಾಯಕರ ಕಾಲದ ಯುದ್ಧವೊಂದನ್ನು ಆರಿಸಿಕೊಂಡವರಿಗೆ ಬೇಕೇ ಬೇಕು. ಭಾರತದ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ್’ ಎಂಬ ತಾಣವೂ ಉಂಟು, ಆದರೆ ಅದು ಶಾಲೆಯ ಮಕ್ಕಳ ಸಹನೆಗೆ ಮೀರಿದ್ದು.

ನಾಲ್ಕನೆಯ ಹೆಜ್ಜೆ: ಬರೆದವನು ಯಾವ ಬದಿಯಲ್ಲಿ ನಿಂತಿದ್ದ?

ಸಿಕ್ಕಿದ ಪ್ರತಿಯೊಂದು ಬರಹದ ಮುಂದೆಯೂ ಮೂರು ಪ್ರಶ್ನೆ ಬರೆಯಿರಿ: ಬರೆದವನು ಯಾರ ಕಡೆಯವನು, ಅವನು ಸ್ಥಳದಲ್ಲಿದ್ದನೇ, ಎಷ್ಟು ವರ್ಷಗಳ ನಂತರ ಬರೆದ? ಮೂರ್ ಕಂಪನಿಯ ಕಡೆಯವನು, ಸ್ಥಳದಲ್ಲಿದ್ದವನು, ಮೂರೇ ವರ್ಷದಲ್ಲಿ ಅಚ್ಚು ಹಾಕಿಸಿದವನು. ಮೇಜರ್ ಡಿರೋಮ್ ಎಂಬಾತನೂ ಇದೇ ಯುದ್ಧದ ವೃತ್ತಾಂತವನ್ನು 1793ರಲ್ಲಿ ಪ್ರಕಟಿಸಿದ, ಆದರೆ ಅವನಿದ್ದದ್ದು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಮುಖ್ಯ ಸೈನ್ಯದ ಜೊತೆಗೆ. ಶಿವಮೊಗ್ಗದ ಸುದ್ದಿ ಅವನಿಗೆ ತಲುಪಿದ್ದು ಬೇರೆಯವರ ಮೂಲಕ. ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟನಾಗಿ, ಅಂದರೆ ಕಂಪನಿಯ ಪ್ರತಿನಿಧಿಯಾಗಿ, ಇದ್ದವನು, ಅವನ ಇತಿಹಾಸದ ಸಂಪುಟಗಳು ಹೊರಬಂದದ್ದು 1810ರಿಂದ 1817ರ ನಡುವೆ. ಟಿಪ್ಪುವಿನ ಕಡೆಯ ದನಿ ಬೇಕಾದರೆ, ತಂದೆ ಮಗ ಇಬ್ಬರ ಆಳ್ವಿಕೆಯನ್ನೂ ಪಾರಸಿಯಲ್ಲಿ ಬರೆದ ಮೀರ್ ಹುಸೇನ್ ಅಲಿ ಕಿರ್ಮಾನಿಯನ್ನು ನೋಡಬೇಕು. ಕರ್ನಲ್ ಮೈಲ್ಸ್ ಮಾಡಿದ ಅದರ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿದೆ. ಮರಾಠರ ದನಿ ಪಟವರ್ಧನ ಮನೆತನದ ಪತ್ರಗಳಲ್ಲಿದೆ. ವಾಸುದೇವ ಖರೆ ಅವುಗಳನ್ನು ಮರಾಠಿಯಲ್ಲಿ ಸಂಪುಟಗಳಾಗಿ ಪ್ರಕಟಿಸಿದರು. ಮನೆಯಲ್ಲಿ ಮರಾಠಿ ಬಲ್ಲ ಅಜ್ಜಿಯೋ ಚಿಕ್ಕಪ್ಪನೋ ಇದ್ದರೆ ಅದೃಷ್ಟ.

ಈ ಪ್ರಶ್ನೆಗಳಿಂದ ಏನು ಉಪಯೋಗ ಎಂಬುದನ್ನು ಕಾಳಗದ ವಿವರದಲ್ಲಿಯೇ ನೋಡಬಹುದು. ರೆಜಾ ಸಾಹೇಬ ಬೀಡುಬಿಟ್ಟಿದ್ದ ಜಾಗಕ್ಕೆ ಒಂದು ಮಗ್ಗುಲಲ್ಲಿ ತುಂಗಾ ನದಿ, ಇನ್ನೊಂದು ಮಗ್ಗುಲಲ್ಲಿ ದಟ್ಟ ಕಾಡು ಇತ್ತೆಂದು ಇಂಗ್ಲಿಷ್ ವೃತ್ತಾಂತಗಳು ಹೇಳುತ್ತವೆ. ಮರಾಠರ ಬಲವಿದ್ದದ್ದು ಕುದುರೆಯಲ್ಲಿ. ಬಯಲುಸೀಮೆಯಲ್ಲಿ ಗಾಳಿಯಂತೆ ಹರಿದಾಡುವ ಕುದುರೆ ಮಲೆನಾಡಿನ ಮಟ್ಟಿಯಲ್ಲಿ, ಬಿದಿರುಮೆಳೆಯಲ್ಲಿ ಕಾಲಿಡಲಾರದು. ಹೀಗಾಗಿ ಕಾದಾಟದ ಭಾರವೆಲ್ಲ ಲಿಟಲ್‌ನ ಕಾಲಾಳು ಸಿಪಾಯಿಗಳ ಮೇಲೆ ಬಿತ್ತು, ಗೆಲುವೂ ಅವರದೇ ಎಂಬುದು ಆ ವೃತ್ತಾಂತಗಳ ಮಾತು. ನೆಲದ ವಿವರ ನಂಬತಕ್ಕದ್ದೇ, ಏಕೆಂದರೆ ಗಾಜನೂರಿನ ಆಸುಪಾಸನ್ನು ಇಂದಿಗೂ ಹೋಗಿ ನೋಡಬಹುದು. ಆದರೆ ‘ಗೆಲುವು ನಮ್ಮದೇ’ ಎಂಬ ಮಾತನ್ನು ಬರೆದವನು ಗೆದ್ದ ಪಡೆಯ ಅಧಿಕಾರಿ ಎಂಬುದನ್ನು ಪ್ರಾಜೆಕ್ಟಿನಲ್ಲಿ ಅದೇ ವಾಕ್ಯದೊಳಗೆ ಹೇಳಬೇಕು. ‘ಲಿಟಲ್‌ನ ಪಡೆಯೇ ಗೆದ್ದಿತು’ ಎನ್ನುವುದಕ್ಕೂ ‘ಲಿಟಲ್‌ನ ಪಡೆಯೇ ಗೆದ್ದಿತೆಂದು ಅದೇ ಪಡೆಯ ಮೂರ್ ಬರೆಯುತ್ತಾನೆ’ ಎನ್ನುವುದಕ್ಕೂ ಇರುವ ಅಂತರವನ್ನು ಒಂದು ಮಗು ಹಿಡಿದರೆ ನಾನು ಉಳಿದ ತಪ್ಪುಗಳನ್ನು ಮನ್ನಿಸಿಬಿಡುತ್ತಿದ್ದೆ.

ಟಿಪ್ಪುವಿನ ಹೆಸರು ಬಂದಲ್ಲೆಲ್ಲ ಈಗ ಅಂತರ್ಜಾಲದಲ್ಲಿ ಹೊಗಳಿಕೆಯೂ ಬೈಗುಳವೂ ತುಂಬಿಕೊಂಡಿವೆ. 2015ರಲ್ಲಿ ಸರ್ಕಾರದ ವತಿಯಿಂದ ಜಯಂತಿ ಆರಂಭವಾಗಿ 2019ರಲ್ಲಿ ನಿಂತಿತು. ಆ ವರ್ಷಗಳ ಗಲಾಟೆಯಲ್ಲಿ ಎರಡೂ ಕಡೆಯವರು ಬರೆದು ಸುರಿದ ಸಾಮಗ್ರಿಯೇ ಹುಡುಕಾಟದಲ್ಲಿ ಮೇಲೆ ತೇಲುತ್ತದೆ. ನನ್ನ ಸಲಹೆ ಸರಳವಾದದ್ದು: ಹಳೆಯ ಪುಸ್ತಕದ ಪುಟಸಂಖ್ಯೆಯನ್ನೋ ಪತ್ರದ ದಿನಾಂಕವನ್ನೋ ಕೊಡದ ಬರಹ ಯಾರ ಪರವಾಗಿದ್ದರೂ ಸರಿ, ಅದನ್ನು ಮುಚ್ಚಿ ಮುಂದೆ ಹೋಗಿ.

ಶೃಂಗೇರಿಯ ಪ್ರಸಂಗ ಇದಕ್ಕೆ ಒಳ್ಳೆಯ ಅಭ್ಯಾಸ. ಇದೇ 1791ರಲ್ಲಿ ಪರಶುರಾಮ ಭಾವೂವಿನ ಸೈನ್ಯಕ್ಕೆ ಸೇರಿದವರು ಶೃಂಗೇರಿಯ ಮಠವನ್ನು ಲೂಟಿ ಮಾಡಿದರು. ಮಠದ ಸ್ವಾಮಿಗಳು ಟಿಪ್ಪುವಿಗೆ ಬರೆದರು. ಟಿಪ್ಪು ಮರುಕ ತೋರಿ ಉತ್ತರಿಸಿ, ಸ್ವಾಮಿಗಳಿಗೆ 200 ರಹತಿಗಳನ್ನೂ (ಆ ಕಾಲದ ನಾಣ್ಯ) ಬೇಕಾದ ಸಾಮಾನುಗಳನ್ನೂ ಒದಗಿಸುವಂತೆ ಬಿದನೂರಿನ ಆಸಫನಿಗೆ, ಅಂದರೆ ಅಲ್ಲಿನ ಪ್ರಾಂತ್ಯಾಧಿಕಾರಿಗೆ, ಆಜ್ಞೆ ಮಾಡಿದ. ಈ ಪತ್ರಗಳು ಕನ್ನಡದಲ್ಲಿವೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಅವನ್ನು ಕಂಡು ಬೆಳಕಿಗೆ ತಂದರು. ಲೂಟಿ ಮಾಡಿದವರು ಸೈನ್ಯದ ಹಿಂದೆ ಬರುತ್ತಿದ್ದ ಪಿಂಡಾರಿಗಳು, ಅದಕ್ಕೆ ಸೇನಾಪತಿಯ ಆಜ್ಞೆಯಿರಲಿಲ್ಲ ಎಂಬ ವಾದವೂ ಇದೆ. ಪ್ರಾಜೆಕ್ಟಿನಲ್ಲಿ ಪತ್ರಗಳ ವಿಷಯವನ್ನು ಸಂಗತಿಯಾಗಿಯೂ ಹೊಣೆ ಯಾರದೆಂಬುದನ್ನು ವಾದವಾಗಿಯೂ ಬರೆಯಿರಿ. ಟಿಪ್ಪುವಿನ ಮನಸ್ಸಿನಲ್ಲಿ ಇದ್ದದ್ದು ಭಕ್ತಿಯೋ ರಾಜಕೀಯವೋ ಎಂಬ ಚರ್ಚೆಗೆ ಹತ್ತನೆಯ ತರಗತಿಯ ಪ್ರಾಜೆಕ್ಟಿನಲ್ಲಿ ತೀರ್ಪು ಕೊಡುವ ಅಗತ್ಯವಿಲ್ಲ.

ಐದನೆಯ ಹೆಜ್ಜೆ: ತಾರೀಖು, ನಕ್ಷೆ, ಚಿತ್ರ

ತಾರೀಖಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಶಾಸನ, ಕಡತಗಳಲ್ಲಿ ಸಂವತ್ಸರದ ಹೆಸರಿರುತ್ತದೆ, ಆ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಆದ್ದರಿಂದ ಜೊತೆಗಿರುವ ಶಕವರ್ಷಕ್ಕೆ 78 ಕೂಡಿಸಿ ಇಸವಿಯನ್ನು ತಾಳೆ ನೋಡಿ. ನಮ್ಮ ಕಾಳಗ ನಡೆದದ್ದು ಶಕ 1713, ವಿರೋಧಿಕೃತು ಸಂವತ್ಸರದಲ್ಲಿ. ಜನವರಿಯಿಂದ ಯುಗಾದಿಯವರೆಗಿನ ಘಟನೆಯಾದರೆ 79 ಕೂಡಿಸಬೇಕು ಎಂಬುದನ್ನು ಮರೆತು ಒಂದು ವರ್ಷ ಹಿಂದೆ ಬೀಳುವವರೇ ಹೆಚ್ಚು.

ನಕ್ಷೆಯನ್ನು ಅಂತರ್ಜಾಲದಿಂದ ಕತ್ತರಿಸಿ ಅಂಟಿಸಬೇಡಿ, ನೀವೇ ಬರೆಯಿರಿ. ಗೂಗಲ್ ನಕ್ಷೆಯಲ್ಲಿ ಹೊಳೆಹೊನ್ನೂರು, ಕೂಡ್ಲಿಯ ಸಂಗಮ, ಶಿವಮೊಗ್ಗದ ಕೋಟೆ, ಗಾಜನೂರು, ನಗರ (ಹಿಂದಿನ ಬಿದನೂರು) ಇವಿಷ್ಟನ್ನು ಗುರುತಿಸಿಕೊಂಡು, ನಡುವಿನ ದೂರವನ್ನು ಅಳೆದು, ಒಂದು ಹಾಳೆಯ ಮೇಲೆ ತುಂಗಾ ಭದ್ರಾ ನದಿಗಳನ್ನು ಮೊದಲು ಎಳೆದು ಊರುಗಳನ್ನು ಕೂರಿಸಿ. ಅಣೆಕಟ್ಟುಗಳ ನೀರನ್ನು ಅಳಿಸಿಬಿಡಿ. 1791ರಲ್ಲಿ ಅವು ಇರಲಿಲ್ಲ. ನಕ್ಷೆ ಕೈಯಿಂದ ಬರೆದವರಿಗೆ ಒಂದು ಸಂಗತಿ ತಾನಾಗಿ ಕಾಣುತ್ತದೆ: ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ಹೊರಡುವ ಸಿದ್ಧತೆಯಲ್ಲಿದ್ದಾಗ ಭಾವೂವಿನ ಸೈನ್ಯ ಅದಕ್ಕೆ ತಿರುಗುಮುರುಗಾಗಿ ಪಶ್ಚಿಮಕ್ಕೆ, ಕೆಳದಿ ಅರಸರ ಕಾಲದಿಂದ ಸಿರಿವಂತವೆಂದು ಹೆಸರಾದ ಬಿದನೂರಿನ ಕಡೆಗೆ, ಮುಖ ಮಾಡಿತ್ತು. ಮಿತ್ರರ ನಡುವೆ ಇದು ದೊಡ್ಡ ಅಸಮಾಧಾನಕ್ಕೆ ಕಾರಣವಾಯಿತು. ಪಠ್ಯಪುಸ್ತಕದ ‘ತ್ರಿಮಿತ್ರ ಕೂಟ’ದ ಒಳಗಿನ ಬಿರುಕು ಹೀಗೆ ಒಂದು ಪೆನ್ಸಿಲ್ ಗೆರೆಯಲ್ಲಿ ಕಾಣುತ್ತದೆ.

ಚಿತ್ರಗಳನ್ನು ಬಳಸುವಾಗ ಚಿತ್ರಕಾರ ಭಾರತಕ್ಕೆ ಬಂದಿದ್ದನೇ ಎಂದು ನೋಡಿ. ರಾಬರ್ಟ್ ಹೋಮ್ ಎಂಬಾತ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ಇದ್ದು ಕೋಟೆಗಳನ್ನು, ಬೆಟ್ಟಗಳನ್ನು ಬರೆದವನು. ಮೇದರ್ ಬ್ರೌನ್ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯವನ್ನು ಲಂಡನ್ನಿನಲ್ಲಿ ಕುಳಿತು ಬರೆದವನು. ಎರಡನ್ನೂ ಅಂಟಿಸಬಹುದು, ಆದರೆ ಅಡಿಬರಹದಲ್ಲಿ ವ್ಯತ್ಯಾಸ ಹೇಳಬೇಕು. ಧಾರಾವಾಹಿಯ ನಟನ ಚಿತ್ರವನ್ನು ಟಿಪ್ಪುವೆಂದು ಅಂಟಿಸಿ ತಂದವರನ್ನೂ ನಾನು ಕಂಡಿದ್ದೇನೆ. ಎಲ್ಲಕ್ಕಿಂತ ಒಳ್ಳೆಯದು ನೀವೇ ಹೋಗಿ ತೆಗೆದ ಚಿತ್ರ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೂ, ಕೆಳದಿಯ ವಸ್ತುಸಂಗ್ರಹಾಲಯಕ್ಕೂ, ನಗರದ ಕೋಟೆಗೂ ಒಂದು ಭಾನುವಾರ ಸಾಕು. ಅರಮನೆಗೆ ಶಿವಪ್ಪನಾಯಕನ ಹೆಸರಿದ್ದರೂ ಈಗಿನ ಕಟ್ಟಡ ಹೈದರನ ಕಾಲದ್ದೆಂದು ಹೇಳುವವರಿದ್ದಾರೆ; ಅಡಿಬರಹ ಬರೆಯುವಾಗ ಇದನ್ನೂ ನೆನಪಿಡಿ.

ಆರನೆಯ ಹೆಜ್ಜೆ: ಕನ್ನಡಕ್ಕೆ ತರುವುದು ಮತ್ತು ಬರೆಯುವುದು

ಇಂಗ್ಲಿಷ್ ಪುಟವನ್ನು ಯಂತ್ರದ ಅನುವಾದಕ್ಕೆ ಹಾಕಿ ಬಂದದ್ದನ್ನು ಹಾಗೆಯೇ ಇಳಿಸಿಕೊಳ್ಳುವುದು ಈಗಿನ ದೊಡ್ಡ ಪಿಡುಗು. ‘ಅಶ್ವದಳವು ಶತ್ರುವಿಗೆ ಶುಲ್ಕ ವಿಧಿಸಿತು’ ಎಂಬ ವಾಕ್ಯವನ್ನು ನಾನು ಕಣ್ಣಾರೆ ಓದಿದ್ದೇನೆ. ಮೇಲೆರಗುವುದಕ್ಕೂ ಹಣ ವಸೂಲಿಗೂ ಇಂಗ್ಲಿಷಿನಲ್ಲಿ ಒಂದೇ ಮಾತಿರುವುದರಿಂದ ಆದ ಅನಾಹುತ ಅದು. ಯಂತ್ರದ ಅನುವಾದದಿಂದ ವಿಷಯ ಅರ್ಥಮಾಡಿಕೊಳ್ಳಿ, ಆಮೇಲೆ ಪರದೆಯನ್ನು ಮಗುಚಿಟ್ಟು, ಮನೆಯವರಿಗೆ ಕಥೆ ಹೇಳುವಂತೆ ನಿಮ್ಮ ಮಾತಿನಲ್ಲಿ ಬರೆಯಿರಿ. ಪ್ರಶ್ನೆ ಕೇಳಿದರೆ ತಾನೇ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ಬಗ್ಗೆಯೂ ಇದೇ ಮಾತು. ಅವು ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆಯನ್ನೂ ಸೇರಿಸಿ ಹೇಳಬಲ್ಲವು, ಆದ್ದರಿಂದ ಅವು ಹೇಳಿದ ಪ್ರತಿಯೊಂದು ಹೆಸರನ್ನೂ ಪುಸ್ತಕದ ಚಿತ್ರಪ್ರತಿಯಲ್ಲಿ ಕಂಡ ಮೇಲೆಯೇ ಬಳಸಿ.

ಬರೆಯುವಾಗ ಪ್ರತಿ ಪುಟದ ಅಂಚಿನಲ್ಲಿ, ಆ ಪುಟದ ಸಂಗತಿ ಎಲ್ಲಿಂದ ಬಂತೆಂದು ಸಣ್ಣಕ್ಷರದಲ್ಲಿ ಗುರುತಿಸಿ: ಪುಸ್ತಕದ ಹೆಸರು, ಇಸವಿ, ಪುಟ, ನೀವು ಓದಿದ ದಿನ. ಊರಿನ ಹಿರಿಯರು ಹೇಳಿದ ಕಥೆಯಾದರೆ ‘ಬಾಯಿಮಾತು’ ಎಂದು ಬರೆದು ಯಾವ ಊರಿನಲ್ಲಿ ಕೇಳಿದ್ದೆಂದು ಸೇರಿಸಿ; ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ, ಅದನ್ನು ಪುಸ್ತಕದ ಮಾತಿನೊಡನೆ ಬೆರೆಸಬಾರದು ಅಷ್ಟೆ.

ಕೊನೆಯ ಪುಟವನ್ನು ಇತ್ಯರ್ಥವಾಗದ ಪ್ರಶ್ನೆಗಳಿಗೆ ಬಿಡಿ. ರೆಜಾ ಸಾಹೇಬನೂ ಬೆಂಕಿ ನವಾಬನೂ ಒಬ್ಬನೇ ವ್ಯಕ್ತಿಯೋ ಬೇರೆಬೇರೆಯೋ ಎಂಬುದು, ಮೂರ್ ಕಂಡ ಕಾಡಿನ ಅಂಚು ಈಗಿನ ಗಾಜನೂರಿನ ಯಾವ ಬದಿಗೆ ಬರುತ್ತದೆ ಎಂಬುದು ಅಲ್ಲಿರಲಿ. ಮೌಖಿಕ ಪರೀಕ್ಷೆಯ ದಿನ ನಾನು ಪ್ರಾಜೆಕ್ಟನ್ನು ಮೊದಲು ತೆರೆಯುತ್ತಿದ್ದದ್ದು ಆ ಪುಟದಿಂದಲೇ.